ಬೆರಳಳತೆಯ ಮೋಟಾರು

"ಯಾಕ್ರಿ, ಮೋಟಾರಿಗೆ ಸೀರಿ ಉಡಸ್ತೀರೇನು? ಹಿಂಗ ಮೊಳಾ ಹಾಕಾಕತ್ತೀರಲ್ಲ!"

ಕರಜಗಿ ಊರ ಬೇವಿನ ಮರದಡಿ ನಿಂತ, ಜನ ಹೊರುವ ಮೋಟಾರಿಗೆ ಮೊಳ ಹಾಕುತ್ತಿದ್ದ ದೇವಿಂದ್ರಪ್ಪ ಬೆಚ್ಚಿಬಿದ್ದ. ಹನ್ನೊಂದೋ? ಹನ್ನೆರಡೋ? ಎಣಿಕೆ ತಪ್ಪಿಯೇ ಹೋಯಿತು!

"ನೋಡ್ರಿ, ತಪ್ಪಿಸಿಬಿಟ್ರಿ! ಮತ್ತ ಮೊದಲಿಂದ ಎಣಿಸಬೇಕು."

"ಎಣಿಸ್ರಿ. ನಿಮ್ಮ ಮೋಟಾರೇನು ಓಡಿ ಹೋಗ್ತದೇನು? ಅದು ನಿಂತದ್ದು ನಿನ್ನೀಯಿಂದ!"

ನಿಂಬೆವ್ವ ನಕ್ಕಳು. ಆ ನಗೆ ಹೇಗಿತ್ತೆಂದರೆ, ಮೂರು ಹೊಲದಾಚೆ ಉಳುತ್ತಿದ್ದ ಎತ್ತುಗಳು ತಿರುಗಿ ನೋಡಿದವು! ನಗುತ್ತ ನಗುತ್ತ ಮೋಟಾರಿನ ತಗಡಿಗೆ ಕೈ ಬಡಿದಳು. ಕೆಂಪು ಬಳೆಯೊಂದು ಫಟ್ಟೆಂದು ಒಡೆಯಿತು. ಆಕೆ ಮಜ್ಜಿಗೆಯ ಗಡಿಗೆ ಹೊತ್ತು ಹೊಲದ ದಾರಿ ಹಿಡಿದ ಮೇಲೆ, ದೇವಿಂದ್ರಪ್ಪ ಬಗ್ಗಿ ಆ ಚೂರನ್ನು ಆರಿಸಿಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ.

ಅದು ದೊಡ್ಡ ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರಿಗೂ ಇದ್ದಿಲು ತಿನ್ನಿಸುತ್ತಿದ್ದರು. ಬೆನ್ನಿಗೊಂದು ಕಬ್ಬಿಣದ ಪೀಪಾಯಿ, ಅದರಲ್ಲಿ ಬೆಂಕಿ. ಅಫಜಲಪುರದಿಂದ ಅದು ಕೆಮ್ಮುತ್ತ ಬಂದರೆ ಊರಿನ ಕೋಳಿಗಳು ಎಂಟು ದಿನ ಮೊಟ್ಟೆಯಿಡುತ್ತಿರಲಿಲ್ಲ! ಡ್ರೈವರ್ ರಾಜೇಸಾಬ. ಇದ್ದಿಲು ತುಂಬಿ ಬೆಂಕಿ ಊದುವ ಕ್ಲೀನರ್ ಅಂದೋಲಾದ ದೇವಿಂದ್ರಪ್ಪ. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳುಪು.

ಅವನಿಗೊಂದು ಹುಚ್ಚಿತ್ತು. ಕಂಡ ಮೋಟಾರು, ಲಾರಿಗಳನ್ನೆಲ್ಲ ಅಳೆದು, ಕಟ್ಟಿಗೆ, ತಗಡಿನಲ್ಲಿ ಪುಟ್ಟದಾಗಿ ಮಾಡುವುದು. ಮಕ್ಕಳ ಆಟಿಗೆಯಲ್ಲ. ಒಂದು ಮೊಳಕ್ಕೆ ಒಂದು ಬೆರಳು, ಅದೇ ಅವನ ಕಾನೂನು. ದೊಡ್ಡ ಮೋಟಾರು ಹದಿನಾಲ್ಕು ಮೊಳವಾದರೆ ಪುಟ್ಟದು ಸರಿಯಾಗಿ ಅವನ ತೋರುಬೆರಳಿನ ಹದಿನಾಲ್ಕು ಅಗಲ. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ!

"ಬೆರಳು ಯಾಕ್ರಿ? ಪಟ್ಟಿ ಇಲ್ಲೇನು?" ಎಂದು ಒಂದು ದಿನ ನಿಂಬೆವ್ವ ಕೇಳಿದಳು.

"ಪಟ್ಟಿ ಮರೀಬಹುದು. ಬೆರಳ ಎಲ್ಲಿ ಮರೀತೇನ್ರಿ?"

ಮಜ್ಜಿಗೆ ಹೊಲಕ್ಕೆ ತಡವಾಗಿ ತಲುಪತೊಡಗಿತು. ಅಪ್ಪ ರೇವಣಪ್ಪ ಗೊಣಗತೊಡಗಿದ. ನಿಂಬೆವ್ವನಿಗೆ ಮಾತ್ರ ಕಿವಿಯಲ್ಲಿ ಮೋಟಾರಿನ ಕೆಮ್ಮು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ ದೇವಿಂದ್ರಪ್ಪ ವಸ್ತ್ರದಲ್ಲಿ ಸುತ್ತಿದ ಗಂಟೊಂದನ್ನು ಆಕೆಯ ಕೈಗಿಟ್ಟ. ಬಿಚ್ಚಿದಳು...

ಅಯ್ಯೋ! ಅದೇ ಮೋಟಾರು! ಸಾಗವಾನಿಯ ಮೈ. ಸೀಮೆಎಣ್ಣೆ ಡಬ್ಬಿಯ ತಗಡಿನ ಮುಖ. ಹಳೆಯ ಟೈರು ಕೊಯ್ದು ಮಾಡಿದ ಗಾಲಿ. ಬೆನ್ನಿಗೆ ಕಾಡಿಗೆ ಡಬ್ಬಿಯ ಇದ್ದಿಲು ಪೀಪಾಯಿ. ಅದರ ಪಕ್ಕದಲ್ಲಿ ಮಿನುಗುವ ಕೆಂಪು ದೀಪ.

"ಇದು... ನನ್ನ ಬಳೀದು!"

"ಹೌದ್ರಿ. ಮೋಟಾರ್ ಹ್ವಾದ ಮ್ಯಾಲೂ ದೂರತನಾ ಕಾಣೂದು ಹಿಂದಿನ ದೀಪ ಒಂದ." ಅವನು ನೆಲ ನೋಡಿದ. "ನಿಂಬೆವ್ವಾರೆ, ಮನಸ್ಸಿದ್ರ ಇದನ್ನ ನಿಮ್ಮ ಮನೀ ಹೊರಗಿನ ಗೂಡಿನ್ಯಾಗ ಇಡ್ರಿ. ಸಂಜೀಕ ಬರೂ ಮುಂದ ನೋಡ್ತೇನಿ. ನಮ್ಮ ಮನ್ಯಾಗ ಹೇಳಿ ಹೆಣ್ಣ ಕೇಳಾಕ ಬರ್ತೇವಿ."

"ಮನಸ್ಸಿಲ್ಲಂದ್ರ?"

"ಬಾವಿಗೆ ಒಗದ್ಬಿಡ್ರಿ!"

ಆಕೆ ಓಡಿದಳು. ಓಡಿದವಳು ನೆಟ್ಟಗೆ ರಸ್ತೆಯ ಕಡೆಯ ಗೋಡೆಯ ಗೂಡಿನಲ್ಲಿ ಮೋಟಾರನ್ನಿಟ್ಟು, ಹತ್ತು ಸಲ ತಿರುಗಿ ನೋಡಿ, ಬುತ್ತಿ ಹೊತ್ತು ಹೊಲಕ್ಕೆ ಹೋದಳು.

ಮನೆಯಲ್ಲಿ ಉಳಿದವಳು ಅಪ್ಪನ ತಾಯಿ, ಆಯಿ ಸಕ್ಕುಬಾಯಿ. ಒಂದು ಕಣ್ಣು ಮಂಜು, ಇನ್ನೊಂದು ಅರ್ಧ ಮಂಜು. ಮಣ್ಣಿನ ಎತ್ತುಗಳನ್ನು ಪೂಜೆಗೆ ಸಾಲಾಗಿಟ್ಟವಳ ಕಣ್ಣಿಗೆ ಗೂಡಿನ ಮೋಟಾರು ಬಿತ್ತು.

"ಎತ್ತು ಗಾಡಿ ಎಳೀತದ, ಇದು ಮಂದೀನ್ನ ಎಳೀತದ. ಇದೂ ಒಂದ ನಮೂನಿ ಎತ್ತ! ಬಿಟ್ರ ಸಿಟ್ಟಾಗ್ತದ" ಎಂದು ಅದಕ್ಕೂ ವಿಭೂತಿ ಬಳಿದು, ಹೂವೇರಿಸಿ, ಹೋಳಿಗೆ ಎಡೆ ಹಿಡಿದಳು. ಪೂಜೆಯಾದ ಮಣ್ಣೆತ್ತುಗಳನ್ನು ಸಂಜೆ ನೀರಿಗೆ ಬಿಡಬೇಕಲ್ಲ? ಬುಟ್ಟಿಯಲ್ಲಿ ಎಲ್ಲವನ್ನೂ ಹೊತ್ತು ರಸ್ತೆಯ ಬಾವಿಗೆ ಬಂದಳು.

ಸರಿಯಾಗಿ ಆಗಲೇ ಮೋಟಾರು ಬಂತು.

ಎತ್ತು ಮುಳುಗಿತು. ಇನ್ನೊಂದು ಎತ್ತು ಮುಳುಗಿತು. ಮೂರನೆಯದಕ್ಕೆ ಆಯಿ ಎರಡೂ ಕೈಯಿಂದ ಪುಟ್ಟ ಮೋಟಾರನ್ನೆತ್ತಿ, ಕಣ್ಣಿಗೊತ್ತಿಕೊಂಡು, ಬಾವಿಗೆ ಬಿಟ್ಟಳು!

ಅದನ್ನು ಕಂಡ ದೇವಿಂದ್ರಪ್ಪ ಗೂಡನ್ನು ನೋಡಿದ. ಗೂಡು ಖಾಲಿ.

'ತಾನು ಬರಾಕೂ ನಾಚಿ ಆಯೀನ ಕಳಿಸ್ಯಾಳ...' ಅವನು ರಸ್ತೆಯ ಕಡೆ ಮುಖ ತಿರುಗಿಸಿದ. "ನಿಲ್ಲಸಬ್ಯಾಡ್ರಿ ರಾಜೇಸಾಬ. ನಡೀರಿ."

ಹೊಲದಿಂದ ಓಡಿಬಂದ ನಿಂಬೆವ್ವನಿಗೆ ಕಂಡದ್ದು ಧೂಳು. ಧೂಳಿನ ಆಚೆ ಹಿಂದಿನ ಕೆಂಪು ದೀಪ. ಅದೂ ತಿರುವಿನಲ್ಲಿ ಆರಿತು.

"ಆಯೀ! ಗೂಡಿನ್ಯಾಗಿಂದು ಎಲ್ಲಿ?"

"ನೀರಿಗೆ ಬಿಟ್ಟೆನಲ್ಲಬೇ. ಪೂಜಿ ಮಾಡಿದ್ದನ್ನ ಮನ್ಯಾಗ ಇಟ್ಕೊಂತಾರೇನು?"

ನಿಂಬೆವ್ವ ಬಾವಿಯ ಕಟ್ಟೆಯ ಮೇಲೆ ಕುಸಿದಳು. ಆವತ್ತು ಆಕೆ ಸುರಿಸಿದ ಕಣ್ಣೀರಿಗೆ ಬಾವಿಯ ನೀರು ಎರಡು ಮೆಟ್ಟಿಲು ಏರಿತೆಂದು ಊರಲ್ಲಿ ಈಗಲೂ ಹೇಳುತ್ತಾರೆ. ಒಂದು ಮೆಟ್ಟಿಲಂತೂ ಖಂಡಿತ!

ಮೂರನೆಯ ದಿನ ಮೋಟಾರಿನಲ್ಲಿ ಬೇರೆ ಕ್ಲೀನರ್ ಇದ್ದ.

"ದೇವಿಂದ್ರ ಸೋಲಾಪುರಕ್ಕ ಹ್ವಾದ ಬೇಟಿ. ಫೌಜಿನ ಲಾರಿ ನಡಸ್ತಾನಂತ" ಎಂದ ರಾಜೇಸಾಬ.

"ಚಾಚಾ, ನಾ ಒಗದಿಲ್ಲ! ನಾ ಗೂಡಿನ್ಯಾಗ ಇಟ್ಟಿದ್ದೆ!... ಅವರಿಗೆ ಹೇಳ್ರಿ!"

"ಎಲ್ಲಿ ಅಂತ ಹೇಳ್ಲಿ ಬೇಟಿ? ಫೌಜಿನ್ಯಾಗ ಯಾವ ಮುಲ್ಕಿಗೆ ಕಳಿಸ್ತಾರೋ ದೇವರಿಗೇ ಗೊತ್ತು."

ಅಂದೋಲಾದ ಅವನ ಮನೆಗೂ ಒಂದು ಕಾಗದ ಬರಲಿಲ್ಲ. ನಾಲ್ಕು ವರ್ಷ!

ಅಪ್ಪ ತಂದ ವರಗಳನ್ನೆಲ್ಲ ನಿಂಬೆವ್ವ ಓಡಿಸಿದಳು. ಬಂದವರ ಮುಂದೆ ತಾಟಿನ ಬದಲು ಕುಡಗೋಲು ತಂದಿಟ್ಟು ಕೂತಳು. ಕೊನೆಗೆ ಯಾರೂ ಬರದಾದರು. ಆಗ ಆಕೆಗೆ ಇನ್ನೊಂದು ಹುಚ್ಚು ಹಿಡಿಯಿತು. ಬೇವಿನ ತುಂಡು, ಡಬ್ಬಿಯ ತಗಡು, ಹರಿದ ಕೆರದ ಅಟ್ಟೆ... ಅರ್ಧ ಗಳಿಗೆ ಕೈಯಲ್ಲಿ ಹಿಡಿದಿದ್ದ ಆ ಮೋಟಾರನ್ನು ನೆನಪಿನಿಂದಲೇ ಮಾಡತೊಡಗಿದಳು. ಬೆರಳಿಗೆ ಉಳಿ ತಗುಲಿ ರಕ್ತ ಬಂತು. ಗಾಲಿ ಸೊಟ್ಟಗಾಯಿತು. ಎರಡನೆಯದು. ಮೂರನೆಯದು...

'ಮೊಳಕ್ಕೊಂದು ಬೆರಳು. ಹದಿನಾಲ್ಕು ಮೊಳ, ಹದಿನಾಲ್ಕು ಬೆರಳು. ಸರಿ ಅದ! ಆದರೂ ಅವರದರಷ್ಟು ಯಾಕ ಆಗವಲ್ದು?'

ಏಳು ಮೋಟಾರುಗಳು ಗೂಡು ತುಂಬಿ ಕುಳಿತವು. ಎಲ್ಲವೂ ಒಂದಿಷ್ಟು ಕಿರಿದು.

ನಾಲ್ಕನೆಯ ಬೇಸಿಗೆಯಲ್ಲಿ ಬಾವಿ ಬತ್ತಿತು. ಊರವರು ಇಳಿದು ಹೂಳು ತೆಗೆದರು. ಬುಟ್ಟಿಯ ಕೆಸರಿನಲ್ಲಿ ಮಣ್ಣೆತ್ತುಗಳ ಗುರುತೂ ಇರಲಿಲ್ಲ, ಎಲ್ಲ ಕರಗಿ ಮಣ್ಣಾಗಿದ್ದವು. ಆದರೆ ಕೆಸರಿನ ಒಂದು ಮುದ್ದೆ ಮಾತ್ರ ಬಿಸಿಲಿಗೆ ಕೆಂಪಗೆ ಮಿನುಗಿತು.

ನಿಂಬೆವ್ವ ಅದನ್ನು ಎದೆಗವಚಿಕೊಂಡಳು. ತಗಡು ತುಕ್ಕು, ಗಾಲಿ ಮೂರೇ. ಸಾಗವಾನಿ ಮಾತ್ರ ಗಟ್ಟಿ.

"ಇದ ಏನಬೇ ನಾ ಮುಳುಗಿಸಿದ್ದು?" ಸಕ್ಕುಬಾಯಿ ಕೈಯಾಡಿಸಿ ನೋಡಿ, ಹಣೆ ಬಡಿದುಕೊಂಡಳು.

ಅದೇ ವಾರ ರಾಜೇಸಾಬ ಬಂದು ಬಾಗಿಲಲ್ಲಿ ನಿಂತ. "ಬೇಟಿ... ದೇವಿಂದ್ರ ಬಂದಾನ. ಮನೀ ಬಿಟ್ಟು ಹೊರಗ ಬರಂಗಿಲ್ಲ. ಯಾರ ಕೂಡಾನೂ ಮಾತಿಲ್ಲ."

ರೇವಣಪ್ಪ ಬಾಯಿ ತೆರೆಯುವ ಮೊದಲೇ ಸಕ್ಕುಬಾಯಿ ಕೋಲು ಹಿಡಿದು ಎದ್ದಳು. "ಸುಮ್ನ ಕೂಡೋ ರೇವಣ್ಯಾ! ನಾ ಮುಳುಗಿಸಿದ್ದು, ನಾನ ಎತ್ತತೇನಿ. ಮೋಟಾರ್ ಹೂಡು ರಾಜೇಸಾಬ!"

ಅಂದೋಲಾದ ಮನೆಯ ಪಡಸಾಲೆಯಲ್ಲಿ ದೇವಿಂದ್ರಪ್ಪ ಗೋಡೆಗೆ ಒರಗಿದ್ದ. ಬಲಗೈ ಮೇಲೆ ವಸ್ತ್ರ. ನಿಂಬೆವ್ವನನ್ನು ನೋಡಿದವನೇ ಮುಖ ತಿರುಗಿಸಿದ.

"ಯಾಕ ಬಂದ್ರಿ? ಉತ್ತರ ಆವತ್ತ ಕೊಟ್ಟೀರಲ್ಲ."

"ಆಕಿ ಅಲ್ಲೋ ಮಾರಾಯಾ, ನಾನು! ಎತ್ತು ಅಂದ್ಕೊಂಡು ಪೂಜಿ ಮಾಡಿ ನೀರಿಗೆ ಬಿಟ್ಟೆ! ಬೈಯೂದಿದ್ರ ನನ್ನ ಬೈ!" ಸಕ್ಕುಬಾಯಿಯ ಕೂಗಿಗೆ ಅಂದೋಲಾದ ಅರ್ಧ ಊರು ನೆರೆಯಿತು.

ನಿಂಬೆವ್ವ ಬುಟ್ಟಿಯಿಂದ ಕೆಸರಿನ ಮೋಟಾರನ್ನು ತೆಗೆದು ಅವನ ಮುಂದಿಟ್ಟಳು. ಅದರ ಹಿಂದೆ ತನ್ನ ಏಳನ್ನೂ ಸಾಲಾಗಿ ನಿಲ್ಲಿಸಿದಳು.

ಅವನು ಮುಂದೆ ಬಗ್ಗಿದ. "ಇವು... ಯಾರು ಮಾಡ್ಯಾರ?"

"ನಾನ ಮಾಡೇನಿ."

ಅವನು ವಸ್ತ್ರ ಸರಿಸಿ ಬಲಗೈ ತೋರಿಸಿದ. ಮೂರು ಬೆರಳಿರಲಿಲ್ಲ. "ಲಾರಿಗೆ ಬೆಂಕಿ ಹತ್ತಿತ್ತು. ಅಳತೀ ಬೆರಳ ಹ್ವಾದ ಮ್ಯಾಲ ಕೆಲಸನೂ ಬಿಟ್ಟೆ, ನಿಮ್ಮ ನೆನಪನ್ನೂ... ಬಿಡಬೇಕಂದೆ. ಈ ಕೈ ಹಿಡದು ಏನ್ ಮಾಡ್ತೀರಿ?"

'ಬೆರಳ ಎಲ್ಲಿ ಮರೀತೇನ್ರಿ' ಎಂದು ನಕ್ಕಿದ್ದ ಆ ಮುಖ! ನಿಂಬೆವ್ವನ ಎದೆ ಒಡೆದುಹೋಯಿತು. ಆದರೂ ತನ್ನ ತೋರುಬೆರಳನ್ನು ಕೊನೆಯ ಮೋಟಾರಿನ ಪಕ್ಕ ಇಟ್ಟಳು.

"ಎಣಿಸ್ರಿ. ನನ್ನವು ಯಾಕ ಸಣ್ಣ ಆಗ್ತಾವ ಹೇಳ್ರಿ."

ಅವನು ಎಡಗೈಯಿಂದ ಆ ಬೆರಳನ್ನು ಹಿಡಿದು ಮೋಟಾರಿನುದ್ದಕ್ಕೂ ಸರಿಸುತ್ತ ಹೋದ. ಹನ್ನೆರಡು... ಹದಿಮೂರು... ಹದಿನಾಲ್ಕು. ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಣ್ಣೀರು ಗಲ್ಲಕ್ಕಿಳಿಯಿತು.

"ಅಳತಿ ತಪ್ಪಿಲ್ಲ ನಿಂಬೆವ್ವಾ. ನಿನ್ನ ಬೆರಳ ಸಣ್ಣದು."

"ಹಂಗಾದ್ರ ಇನ್ನ ಮ್ಯಾಲ ಮೋಟಾರ್ ಸಣ್ಣವ ಆಗಲಿ. ನೀವು ಹೇಳ್ರಿ, ನಾ ಕೆತ್ತತೇನಿ."

ಅವನು ಬೆರಳನ್ನು ಬಿಡಲಿಲ್ಲ. ಏಳೂ ಮೋಟಾರುಗಳ ಬೆನ್ನು ನೋಡಿದ.

"ಎಲ್ಲಾ ಮಾಡೀದಿ. ಹಿಂದಿನ ಕೆಂಪು ದೀಪ ಒಂದಕ್ಕೂ ಹಚ್ಚಿಲ್ಲಲ್ಲ?"

"ನೀವು ಹೋಗೂದನ್ನ ಒಮ್ಮೆ ನೋಡಿದ್ದು ಸಾಕಾಗಿತ್ರಿ."

ಅವನು ಮೂರು ಬೆರಳಿಲ್ಲದ ಕೈಯನ್ನು ಮೊದಲ ಬಾರಿಗೆ ವಸ್ತ್ರದಿಂದ ಪೂರ್ತಿ ಹೊರತೆಗೆದು ಆಕೆಯ ಕೈಮೇಲಿಟ್ಟ.

"ಇನ್ನ ಎಲ್ಲೂ ಹೋಗಂಗಿಲ್ಲ."

"ಹಂಗಾದ್ರ ಆ ದೀಪ ಯಾಕ ಬೇಕ್ರಿ?"