ಕುಂಬಳಕಾಯಿಗೆ ಮೊದಲ ಏಟು

ಕೋಳಿ ಕಾಗೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಟ್ಟಗಳ ನಡುವೆ ಹಾಲ್ಗೊಳ ಅನ್ನುವ ಒಂದು ರಾಜ್ಯವಿತ್ತು. ಆ ರಾಜ್ಯದ ಬೆಟ್ಟದ ತುದಿಯಲ್ಲಿ ಹೊಗೆರಾಯ ಅನ್ನುವ ಮಾಂತ್ರಿಕನಿದ್ದ. ಅವನು ಅನ್ನ ಉಣ್ಣುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ. ತರಗೆಲೆ ಸುಟ್ಟ ಹೊಗೆಯೇ ಅವನ ಊಟ. ಹೊಗೆ ಕುಡಿದೂ ಕುಡಿದೂ ಅವನ ಮೈಯೆಲ್ಲ ಹೊಗೆಯೇ ಆಗಿಹೋಗಿತ್ತು.

ಹೊಗೆರಾಯ ಒಂದು ದಿನ ದೊರೆಯ ಕಿವಿ ಊದಿದ. ತರಗೆಲೆ ಬಿದ್ದ ಹಿತ್ತಿಲು ಮನೆತನಕ್ಕೆ ಅವಮಾನ, ದಿನಾ ಸಂಜೆ ಗುಡಿಸಿ ಸುಡಿಸು, ನಿನ್ನ ಪ್ರಜೆಗಳಿಗೆ ಬೇಕಾದ ತರಕಾರಿಯೆಲ್ಲ ನನ್ನ ಮಾಯದ ತೋಟದಿಂದ ಗಾಡಿಗಟ್ಟಲೆ ಕಳಿಸುತ್ತೇನೆ ಅಂದ. ದೊರೆಗೆ ಈ ಮಾತು ಹಿಡಿಸಿತು. ಊರೂರಿಗೆ ಡಂಗುರ ಹೊಡೆಸಿದ. ಅಂದಿನಿಂದ ಹಾಲ್ಗೊಳದ ಹೆಂಗಸರು ಹಿತ್ತಿಲನ್ನು ಅಂಗೈಯಷ್ಟು ನುಣ್ಣಗೆ ಗುಡಿಸಿದ್ದೇ ಗುಡಿಸಿದ್ದು. ಸಂಜೆಯಾದರೆ ಮನೆಮನೆಯಿಂದ ಹೊಗೆ ಎದ್ದು ಬೆಟ್ಟದ ಕಡೆ ಸಾಲಾಗಿ ಹೋಗುತ್ತಿತ್ತು. ಬೆಳಗಾದರೆ ಗಾಡಿ ಬರುತ್ತಿತ್ತು. ಬಿಂದಿಗೆ ಗಾತ್ರದ ಬದನೆ, ಮೊಳದುದ್ದದ ಬೆಂಡೆ. ಹೆಚ್ಚಿದರೆ ಒಳಗೆ ಒಂದು ಬೀಜವಿಲ್ಲ, ತಿಂದರೆ ರುಚಿಯಿಲ್ಲ.

ರುಚಿ ಹೋದರೆ ಹೋಗಲಿ, ತಿಂದವರ ತೂಕವೂ ಹೋಗುತ್ತಿತ್ತು. ಜನ ಹತ್ತಿಯ ಹಾಗೆ ಹಗುರಾದರು. ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಸಂತೆಗೆ ಹೋದರು, ಕಲ್ಲು ಕಟ್ಟಿಕೊಂಡೇ ಮದುವೆಯಾದರು. ಆಷಾಢದ ಗಾಳಿಯಲ್ಲಿ ಕಲ್ಲು ಸಡಿಲವಾದವರು ಹಾರಿಹೋಗಿ ಬೆಟ್ಟದ ಮೇಲಿನ ಹೊಗೆಯಲ್ಲಿ ಸಿಕ್ಕಿಕೊಂಡರು.

ಊರಂಚಿನ ಮನೆಯ ಮಲ್ಲಾಜಿಯ ಗಂಡ ಚಿಕ್ಕಬೋರನೂ ಹಿಂದಿನ ಆಷಾಢದಲ್ಲಿ ಹಾಗೇ ಹೋಗಿದ್ದ. ದಿನಾ ಮಧ್ಯಾಹ್ನ ಹೊಗೆಯ ಮರೆಯಿಂದ ಕೂಗುತ್ತಿದ್ದ.

"ಮಲ್ಲಾಜಿ, ಊಟ ಆಯ್ತಾ?"

"ಆಯ್ತು. ನಿಮ್ದು?"

"ಇಲ್ಲೆಂಥ ಊಟ, ಬರೀ ಕೆಮ್ಮು."

ಗಂಡ ಹಾರಿದ್ದು ಹಾಗಿರಲಿ, ಈಗ ಮಗಳು ಕುಸುಮಿಯ ಸರದಿ. ಎಳೆ ಸೊಂಟಕ್ಕೆ ಕಲ್ಲು ಕಟ್ಟುವ ಹಾಗಿಲ್ಲ. ಮಲ್ಲಾಜಿ ತನ್ನ ಹಳೇ ಸೀರೆಯಲ್ಲಿ ಅವಳನ್ನು ಕಂಬಕ್ಕೆ ಕಟ್ಟಿದ್ದಳು. ಯುಗಾದಿಯ ಹೊತ್ತಿಗೆ ಹುಡುಗಿಯ ಹಿಮ್ಮಡಿ ನೆಲ ಮುಟ್ಟುವುದು ನಿಂತಿತು. ಆಷಾಢದ ಗಾಳಿಗೆ ಆ ಹಳೇ ಸೀರೆ ತಡೆಯುವುದಿಲ್ಲ ಅಂತ ಮಲ್ಲಾಜಿಗೆ ಗೊತ್ತಿತ್ತು.

ಅತ್ತೆ ನಿಂಗಾಜಮ್ಮನಿಗೆ ಮಂಡಿನೋವು. ಕೂತಲ್ಲಿಂದ ಏಳುತ್ತಿರಲಿಲ್ಲ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಬೀಜ ಇಲ್ಲದ್ದು ತಿಂದೇ ಈ ಗತಿ ಕಣೇ," ಅಂದಳು. "ಹೋದ ತೂಕ ಬರಬೇಕಾದ್ರೆ ಬೀಜ ಕಟ್ಟಿದ ಕಾಯಿ ತಿನ್ನಬೇಕು. ಅಡುಗೆಮನೆ ಗೋಡೆ ನೋಡು ಹೋಗು."

ಹೊಗೆ ಹಿಡಿದ ಗೋಡೆಯಲ್ಲಿ ಒಂದು ಸಗಣಿ ಬಿಲ್ಲೆ ಇನ್ನೂ ಅಂಟಿಕೊಂಡಿತ್ತು. ಹಿಂದಿನ ಹೆಂಗಸರು ಬೀಜವನ್ನು ಸಗಣಿಯಲ್ಲಿ ಕಲೆಸಿ ಗೋಡೆಗೆ ಮೆತ್ತಿ ಇಡುತ್ತಿದ್ದರಲ್ಲ, ಹಾಗೆ ಯಾವ ಕಾಲದಲ್ಲೋ ನಿಂಗಾಜಮ್ಮನೇ ಮೆತ್ತಿದ್ದ ಕುಂಬಳದ ಬೀಜ ಅದರೊಳಗಿತ್ತು.

ಮಲ್ಲಾಜಿ ಖುಷಿಯಿಂದ ಹಿತ್ತಿಲನ್ನು ಇನ್ನೊಮ್ಮೆ ಚೊಕ್ಕವಾಗಿ ಗುಡಿಸಿ, ಎಲೆಯನ್ನೆಲ್ಲ ಸುಟ್ಟು, ಬೋಳು ನೆಲದಲ್ಲಿ ಆ ಬೀಜಗಳಲ್ಲಿ ಅರ್ಧದಷ್ಟನ್ನು ಊರಿದಳು. ಹಾಲ್ಗೊಳದ ಯಾವ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು, ಚೊಕ್ಕಟ ಅಂದರೆ ಅದೇ ಅಂತ ಕಲಿತವರು. ಬಿಸಿಲಿಗೆ ನೆಲ ಹೆಂಚಿನ ಹಾಗೆ ಕಾಯಿತು. ಬೀಜ ಹುರಿದುಹೋಯಿತು.

ಸೋತು ಬಚ್ಚಲ ಹಿಂದೆ ಹೋಗಿ ಕೂತಳು. ಅದು ಅತ್ತೆ ಗುಡಿಸಬೇಕಾದ ಮೂಲೆ. ಮಂಡಿ ನೋವು ಅಂತ ಅತ್ತೆ ಅಲ್ಲಿಗೆ ಪೊರಕೆಯನ್ನೇ ತಾಗಿಸಿರಲಿಲ್ಲ. ಎಲೆ ಮೇಲೆ ಎಲೆ ಬಿದ್ದು ಕೊಳೆತಿತ್ತು, ಬಚ್ಚಲ ನೀರು ಹರಿದು ನೆನೆದಿತ್ತು. ಮಲ್ಲಾಜಿ ಎಲೆ ಸರಿಸಿದಳು. ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ, ರಾಗಿಮುದ್ದೆಯ ಹಾಗಿತ್ತು. ಎರೆಹುಳುಗಳು ಮಿಸುಕಾಡಿದವು. ಯಾರೂ ನೆಡದ ಒಂದು ಕೆಸುವಿನ ಗಿಡ ಕಿವಿ ಅಗಲಿಸಿಕೊಂಡು ನಿಂತಿತ್ತು.

ಅಂದು ಸಂಜೆ ಆ ಮನೆಯಿಂದ ಹೊಗೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮಲ್ಲಾಜಿ ಹಿತ್ತಿಲ ತುಂಬ ಎಲೆ ಹೊದಿಸಿದಳು, ತನ್ನದು ಸಾಲದೆ ನೆರೆಮನೆಯವರದ್ದನ್ನೂ ಹೊತ್ತು ತಂದಳು. ಏನವ್ವ, ಪೊರಕೆ ಸವೆಯಿತಾ ಕೈ ಸವೆಯಿತಾ ಅಂತ ಅವರು ನಗುತ್ತಲೇ ಬುಟ್ಟಿ ತುಂಬಿಕೊಟ್ಟರು. ಸುಡುವ ಕೆಲಸ ತಪ್ಪಿತಲ್ಲ. ಬಚ್ಚಲ ನೀರಿನ ದಾರಿಗೆ ಬಾಳೆಕಂದು ಇಟ್ಟಳು. ಬೇಲಿಗೆ ನುಗ್ಗೆಕೊಂಬೆ, ನುಗ್ಗೆಯ ನೆರಳಿಗೆ ಅರಿಶಿನ, ಅಂಚಿಗೆ ಚೆಂಡುಹೂ. ಒಂದರ ಕಾಲಡಿ ಇನ್ನೊಂದು, ಒಂದರ ಹೆಗಲ ಮೇಲೆ ಮತ್ತೊಂದು. ನಡುವೆ, ಎಲೆಯ ಹಾಸಿಗೆಯಲ್ಲಿ, ಉಳಿದ ಕುಂಬಳದ ಬೀಜ ಮಲಗಿಸಿದಳು. ಬೀಜ ಮೊಳೆಯಿತು.

ಬೆಟ್ಟದ ಮೇಲೆ ಹೊಗೆರಾಯನ ಹೊಟ್ಟೆ ತಾಳ ಹಾಕಿತು. ಎದ್ದು ನೋಡಿದ. ಕೋಪ ಬಂತು.

ಮೊದಲು ಅವನು ಒಂದು ಮಾಯದ ಪೊರಕೆ ಕಳಿಸಿದ. ಅದು ತಾನೇ ನಡೆದುಕೊಂಡು ಬಂದು ಬರಬರ ಗುಡಿಸಲು ಶುರುಮಾಡಿತು. ಮಲ್ಲಾಜಿ ಹಿಡಿದರೆ ಸಿಗಲಿಲ್ಲ, ಬೈದರೆ ನಿಲ್ಲಲಿಲ್ಲ. ಆಗ ಬಾನಿಯ ನೀರನ್ನೆಲ್ಲ ಎಲೆಗಳ ಮೇಲೆ ಸುರಿದಳು. ಒದ್ದೆ ಎಲೆ ಕಡ್ಡಿಕಡ್ಡಿಗೂ ಅಂಟಿ ಪೊರಕೆ ಮಿಸುಕದಾಯಿತು. ಅವಳು ಅದನ್ನು ತಲೆಕೆಳಗಾಗಿ ನೆಟ್ಟು ಅವರೆಬಳ್ಳಿ ಹಬ್ಬಿಸಿದಳು. ಬಳ್ಳಿ ಸುತ್ತಿಕೊಂಡ ಮೇಲೆ ಪೊರಕೆ ಅಲ್ಲಾಡಲಿಲ್ಲ.

ಎರಡನೆಯದಾಗಿ ಬೆಂಕಿಹುಂಜ ಕಳಿಸಿದ. ಕೊಕ್ಕಿನಲ್ಲಿ ಕೆಂಡ, ಬಾಲದಲ್ಲಿ ಉರಿ. ಎಲೆಗೆಲ್ಲ ಕಿಡಿ ಇಡುತ್ತೇನೆ ಅಂತ ಬಂತು. ಮಲ್ಲಾಜಿ ಓಡಲಿಲ್ಲ. ತಿಪ್ಪೆಗುಂಡಿಯ ಮೇಲಿನ ಪದರ ಕೆದಕಿ ತೋರಿಸಿದಳು. ದಪ್ಪ ದಪ್ಪ ಹುಳ ಹೊರಳಾಡುತ್ತಿದ್ದವು.

"ಇದು ನಿಜವಾದ ಹುಳವಾ?" ಅಂದಿತು ಹುಂಜ. "ನಮ್ಮ ಒಡೆಯನ ತೋಟದಲ್ಲಿ ಒಂದೂ ಇಲ್ಲ."

"ಬಾಯಲ್ಲಿರೋದು ಉಗುಳು, ಆಮೇಲೆ ತಿನ್ನು," ಅಂದಳು ಮಲ್ಲಾಜಿ.

ಹುಂಜ ಕೆಂಡವನ್ನು ಬಚ್ಚಲ ನೀರಿನ ಕಾಲುವೆಗೆ ಉಗುಳಿತು. ಅವತ್ತಿನಿಂದ ತಿಪ್ಪೆ ಕೆದಕಿ ಕೆದಕಿ ಗೊಬ್ಬರ ಮಾಡಿಕೊಟ್ಟು ಅಲ್ಲೇ ಉಳಿಯಿತು.

ಆಷಾಢ ಬಂತು, ಗಾಳಿ ಎದ್ದಿತು. ಕುಂಬಳದ ಹೀಚೆಲ್ಲ ಉದುರಿ ಬಲಿತ ಕಾಯಿ ಒಂದೇ ಉಳಿಯಿತು. ಕುಸುಮಿ ಗಾಳಿಪಟದ ಹಾಗೆ ಸೀರೆಯ ತುದಿಯಲ್ಲಿ ಏಳುತ್ತಿದ್ದಳು. ಸೀರೆಯ ಎಳೆ ಒಂದೊಂದೇ ಪಟಪಟ ಬಿಡುತ್ತಿತ್ತು. ಮಲ್ಲಾಜಿ ಕಾಯಿ ಕುಯ್ದು ತಂದು ಜಗಲಿಯ ಮೇಲೆ ಇಟ್ಟಳೋ ಇಲ್ಲವೋ, ಹೊಗೆರಾಯನೇ ಅಂಗಳಕ್ಕೆ ಇಳಿದ.

"ಮನೆಗೆ ಬಂದವರಿಗೆ ಇಲ್ಲ ಅನ್ನೋ ಪದ್ಧತಿ ನಿಮ್ಮಲ್ಲಿಲ್ಲ," ಅಂದ. "ನನಗೆ ಆ ಕಾಯಿ ಬೇಕು. ಪೂರ್ತಿ ಬೇಕು, ಒಂದು ಬೀಜವೂ ಇಲ್ಲಿ ಉಳಿಯಬಾರದು."

ಮಲ್ಲಾಜಿ ಕಾಯಿಗೆ ಕೈ ಅಡ್ಡ ಇಟ್ಟಳು. ಇಲ್ಲ ಅನ್ನುವ ಹಾಗಿಲ್ಲ, ಕೊಟ್ಟರೆ ಮಗಳಿಲ್ಲ. ಒಂದು ಚೂರಾದರೂ ಮಗುವಿಗೆ ಉಳಿಯಲಿ ಅಂತ ಮಚ್ಚು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ, ಗಂಡಸರೇ ಹಾಕಬೇಕು. ಅವಳ ಅವ್ವ ಹಾಕಿರಲಿಲ್ಲ, ಅತ್ತೆ ಹಾಕಿರಲಿಲ್ಲ. ಆ ನಿಂತ ಕೈಯನ್ನೇ ನೋಡುತ್ತ ಅವಳಿಗೆ ಒಂದು ಯೋಚನೆ ಬಂತು. ಮಚ್ಚನ್ನು ಹೊಗೆರಾಯನ ಮುಂದೆ ಹಿಡಿದಳು.

"ನಮ್ಮ ಪದ್ಧತಿ ಅಂದ್ರಲ್ಲ, ಇದೂ ನಮ್ಮ ಪದ್ಧತಿಯೇ. ಮನೇಲಿ ಗಂಡಸರಿಲ್ಲ. ಮೊದಲ ಏಟು ನೀವೇ ಹಾಕಿಕೊಡಿ."

ಹೊಗೆರಾಯ ನಕ್ಕು ಮಚ್ಚು ಹಿಡಿದ. ಅದು ಅವನ ಬೆರಳ ನಡುವೆ ನುಸುಳಿ ಕೆಳಗೆ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು.

"ನನ್ನ ಮಂಡಿಗಿಂತ ಕಡೆಯಾಯ್ತಲ್ಲಪ್ಪ ನಿನ್ನ ಕೈ," ಅಂದಳು ನಿಂಗಾಜಮ್ಮ.

ಅವನಿಗೆ ರೋಷ ಬಂತು. ಮೈಯ ಹೊಗೆಯನ್ನೆಲ್ಲ ಕೈಗೆ ಎಳೆದುಕೊಂಡ. ಸಾಲಲಿಲ್ಲ. ಬೆಟ್ಟದ ಮೇಲಿದ್ದ ಹೊಗೆಯನ್ನೂ ಎಳೆದ, ಒಂದು ಎಳೆಯೂ ಬಿಡದೆ ಎಳೆದ. ಕೈ ಗಟ್ಟಿಯಾಯಿತು. ಮಚ್ಚು ಎತ್ತಿ ಹೊಡೆದ.

ಕಾಯಿ ಬಿರಿಯಿತು. ಒಳಗೆ ಅರಿಶಿನದಂಥ ಬಣ್ಣ. ಬೀಜಗಳು ಸಿಡಿದು ಹೊಗೆರಾಯನ ಕೈಗೂ ಎದೆಗೂ ಅಂಟಿಕೊಂಡವು. ಅಂಟಿದ ಕಡೆಯೆಲ್ಲ ಹೊಗೆ ಹೋಗಿ ಚರ್ಮವಾಯಿತು. ನೋಡನೋಡುತ್ತ ಅವನು ಒಬ್ಬ ಬಡಕಲು ಮುದುಕನಾಗಿ ಎಲೆಗಳ ಮೇಲೆ ಕೂತುಬಿಟ್ಟ.

ಮಲ್ಲಾಜಿ ಒಂದು ಹಸೀ ಚೂರನ್ನು ಹಿಡಿದು ಓಡಿದಳು. ಸೀರೆಯ ಕೊನೇ ಎಳೆ ಬಿಡುವ ಹೊತ್ತಿಗೆ ಕುಸುಮಿಯ ಬಾಯಿಗೆ ತುರುಕಿದಳು. ಕುಸುಮಿ ಜಗಿದಳು, ನುಂಗಿದಳು. ಅವಳ ಹಿಮ್ಮಡಿ ಥಪ್ಪನೆ ನೆಲಕ್ಕೆ ಬಿತ್ತು. ಆ ಸದ್ದು ಕೇಳಿ ಮಲ್ಲಾಜಿ ಅಲ್ಲೇ ಕುಸಿದು ಅತ್ತಳು.

ಬೆಟ್ಟದ ಮೇಲೆ ಹೊಗೆಯೇ ಇಲ್ಲವಲ್ಲ, ಸಿಕ್ಕಿಕೊಂಡವರೆಲ್ಲ ಹಣ್ಣೆಲೆ ಉದುರುವ ಹಾಗೆ ತೇಲುತ್ತ ಇಳಿದರು. ಚಿಕ್ಕಬೋರ ನುಗ್ಗೆಮರದ ಮೇಲೆ ಇಳಿದು ಒಂದು ಕೊಂಬೆ ಮುರಿದ.

"ಮಲ್ಲಾಜಿ, ಊಟ ಆಯ್ತಾ?"

"ಇಲ್ಲ," ಅಂದಳು ಕಣ್ಣೊರೆಸಿಕೊಂಡು. "ಇಳಿದು ಬನ್ನಿ, ಜೊತೇಲಿ ಮಾಡೋಣ."

ಮುದುಕ ಹೊಗೆರಾಯ ಸಣ್ಣ ದನಿಯಲ್ಲಿ, ನನಗೂ ಹಸಿವು ಅಂದ. ಹಾಗಾದರೆ ಎದ್ದು ಒಂದು ಕೊಡ ನೀರು ಸೇದು ಅಂದಳು ನಿಂಗಾಜಮ್ಮ. ಅವನು ಸೇದಿದ. ಅವತ್ತು ಕುಂಬಳದ ಹುಳಿ, ಕೆಸುವಿನ ಪಲ್ಯ. ಮಾಂತ್ರಿಕ ಎರಡು ಸಲ ಬಡಿಸಿಕೊಂಡ, ಆಮೇಲೆ ಬಾಳೆಗೆ ನೀರು ಕಟ್ಟುವ ಕೆಲಸಕ್ಕೆ ಅಲ್ಲೇ ನಿಂತ.

ಉಳಿದ ಬೀಜವನ್ನೆಲ್ಲ ಮಲ್ಲಾಜಿ ಸಗಣಿಯಲ್ಲಿ ಕಲೆಸಿ ಬಿಲ್ಲೆ ತಟ್ಟಿ ಮನೆಮನೆಗೆ ಹಂಚಿದಳು. ದೊರೆಯೂ ಒಂದು ಬಿಲ್ಲೆ ತರಿಸಿಕೊಂಡು ಅರಮನೆಯ ಗೋಡೆಗೆ ಅಂಟಿಸಿದ, ಎಲೆ ಸುಡಬೇಡಿ ಅಂತ ಹೊಸ ಡಂಗುರ ಹೊಡೆಸಿದ. ಹಿತ್ತಿಲುಗಳು ತುಂಬಿದವು, ಜನ ಸೊಂಟದ ಕಲ್ಲು ಬಿಚ್ಚಿ ಒಗೆಯುವ ಕಲ್ಲು ಮಾಡಿಕೊಂಡರು. ಆಷಾಢ ಬಂದರೆ ಹಾಲ್ಗೊಳದಲ್ಲಿ ಈಗ ಹಾರುವುದು ಗಾಳಿಪಟ ಮಾತ್ರ.

ಕುಸುಮಿ ಓಡಿಬಂದು ತೊಡೆಯೇರಿದರೆ ನಿಂಗಾಜಮ್ಮ, ಏಳೇ, ಎಷ್ಟು ಭಾರ ಆಗಿದೀಯ, ಮಂಡಿ ಮುರೀತು ಅಂತ ಊರಿಗೆಲ್ಲ ಕೇಳುವ ಹಾಗೆ ಗೊಣಗುವಳು. ಗೊಣಗುತ್ತಲೇ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿರುವಳು.