ಕುಡಿಯದೆ ಬಿಟ್ಟ ಚಹಾ

"ಚಹಾ ತಗೋರಿ, ಟೀಚರ್."

ದುರುಗಮ್ಮ ಕಪ್ಪು-ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಉಮಾಶ್ರೀಯ ಎದುರು ನಿಂತಿದ್ದಳು. ಬಿಳಿ ಕಪ್ಪಿನ ಮೇಲೆ ನೀಲಿ ಹೂವು. ಮಗ ಹುಲಿಗೇಶ ಮದುವೆಯಾಗಬೇಕೆಂದಿರುವ ಹುಡುಗಿ ಮೊದಲ ಸಲ ಮನೆಗೆ ಬರುತ್ತಾಳೆಂದು ನಿನ್ನೆಯಷ್ಟೇ ದೇವದುರ್ಗದ ಪೇಟೆಯಿಂದ ತಂದದ್ದು. ಬಸಿಯ ಅಡಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಉಮಾಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ..."

"ಒಂದು ಗುಟುಕರ ಕುಡೀರಿ. ಯಾಲಕ್ಕಿ ಹಾಕೀನಿ."

"ಬ್ಯಾಡ್ರಿ ಅವ್ವಾರ."

ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಕೂತಿದ್ದ ಹುಲಿಗೇಶ ಮೊದಲು ಉಮಾಶ್ರೀಯ ಸೆರಗನ್ನು ನೋಡಿದ. ಆಮೇಲೆ ತಾಯಿಯ ಕೈಯನ್ನು ನೋಡಿದ. ದುರುಗಮ್ಮ ಕಪ್ಪನ್ನು ಒಳಗೆ ಒಯ್ದಳು. ಬಸಿಯ ಮೇಲೆ ಕಪ್ಪು ಸಣ್ಣಗೆ ಸದ್ದು ಮಾಡಿತು.

ಬಸ್ ನಿಲ್ದಾಣದವರೆಗೆ ಅವನು ಜೊತೆಗೆ ಬಂದ. ಮಾನ್ವಿ ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಬಳಿ ನಿಂತು ಒಂದೇ ಮಾತು ಹೇಳಿದ.

"ನಮ್ಮವ್ವ ಬೆಳಗಿಂದ ಮೂರು ಸಲ ಹಾಲು ಕಾಸಿದ್ಲು, ಟೀಚರ್."

ಉಮಾಶ್ರೀ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು. ಬಸ್ಸು ಹೊರಟಿತು.

ಐದು ದಿನದ ಹಿಂದಷ್ಟೇ ಅವಳ ಹಲ್ಲುಗಳ ಮೇಲೆ ಅಲೈನರ್ ಕೂತಿತ್ತು. ಹಲ್ಲು ನೆಟ್ಟಗೆ ಮಾಡುವ, ಗಾಜಿನಂಥ ತೆಳ್ಳನೆಯ ಎರಡು ಕವಚ, ಮೇಲೊಂದು, ಕೆಳಗೊಂದು. "ತೊಟ್ಟಿದ್ದು ಯಾರಿಗೂ ಕಾಣೋದೇ ಇಲ್ಲ ಮೇಡಂ," ಎಂದಿದ್ದರು ರಾಯಚೂರಿನ ಹಲ್ಲಿನ ಡಾಕ್ಟರು. "ದಿನಕ್ಕೆ ಇಪ್ಪತ್ತೆರಡು ತಾಸು ಬಾಯಲ್ಲೇ ಇರಬೇಕು. ಊಟ, ಚಹಾಕ್ಕೆ ಮಾತ್ರ ತೆಗೀರಿ. ಬಿಸಿ ತಾಗಿದ್ರೆ ಸೊಟ್ಟಗಾಗ್ತವೆ."

ಕಣ್ಣಿಗೆ ಕಾಣುತ್ತಿರಲಿಲ್ಲ, ನಿಜ. ಆದರೆ ನಾಲಿಗೆಗೆ ಅದು ಪರದೇಶವಾಗಿತ್ತು! ಸ, ಶ ಎರಡೂ ಹಲ್ಲಿಗೆ ಎಡವಿ ಥ ಆಗಿ ಹೊರಬೀಳುತ್ತಿದ್ದವು. ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳ ಬಾಯಲ್ಲಿ! ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿಯೇಬಿಟ್ಟಳು.

"ಟೀಚರ್, ಬಾಯಾಗ ಪೆಪ್ಪರಮಿಂಟ್ ಅದೇನ್ರಿ?"

ದೇವದುರ್ಗಕ್ಕೆ ಹೋಗುವ ದಿನ ಬಸ್ಸಿನಲ್ಲೇ ಅದನ್ನು ತೆಗೆದಿಡಬೇಕೆಂದುಕೊಂಡಿದ್ದಳು. ಹೊಸ ಅಲೈನರ್ ಬಿಗಿಯಾಗಿತ್ತು. ಉಗುರು ಮುರಿಯಿತೇ ಹೊರತು ಅದು ಸಡಿಲಲಿಲ್ಲ. ಪಕ್ಕದ ಸೀಟಿನ ಹೆಂಗಸು ಬೇರೆ ಕಣ್ಣು ಕೀಳದೆ ನೋಡುತ್ತಿದ್ದಳು. ಇನ್ನು ಅತ್ತೆಯಾಗುವವಳ ಮುಂದೆ ಬಾಯಿಗೆ ಬೆರಳು ಹಾಕಿ, ಉಗುಳು ಸೋರಿಸಿಕೊಂಡು... ಛೇ!

ಹುಲಿಗೇಶನಿಗಾದರೂ ಹೇಳಬಹುದಿತ್ತು. ಅವನಿಗೇ ಹೇಳಲಾಗದ್ದು ಅವಳ ಸಂಕಟ.

ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ಶಿಕ್ಷಕರ ತರಬೇತಿ ನಡೆದಿತ್ತು. ಅವಳೊಂದು ಪಾಠವನ್ನು ಗಟ್ಟಿಯಾಗಿ ಓದಿ ಕೂತಾಗ, ಹಿಂದಿನ ಬೆಂಚಿನ ವಿಜ್ಞಾನದ ಮೇಷ್ಟ್ರು ಹುಲಿಗೇಶ ಮುಂದಕ್ಕೆ ಬಾಗಿ ಹೇಳಿದ್ದ. "ಇನ್ನೊಂದು ಪುಟ ಓದಬೇಕಿತ್ತು ಟೀಚರ್ ನೀವು. ನಮ್ಮ ಊಟದ ಹೊತ್ತು ಹೋದ್ರ ಹೋಗಲಿ."

ಅಂದಿನಿಂದ ದಿನಾ ಬೆಳಿಗ್ಗೆ ಅವನ ಫೋನಿಗೆ ಅವಳದೊಂದು ವಾಯ್ಸ್ ಮೆಸೇಜು. ಅದು ಶುರುವಾಗುತ್ತಿದ್ದುದೇ ಅವನ ಹೆಸರಿನಿಂದ. "ಹುಲಿಗೇಶ್ ಸರ್..."

ಈಗ ಆ ಹೆಸರೇ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಯಾವ ದನಿಗೆ ಅವನು ಸೋತನೋ ಆ ದನಿಯೇ ಕೆಟ್ಟುಹೋಯಿತಲ್ಲ! ಮಾತು ಸರಿಯಾದ ಮೇಲೆ ಎಲ್ಲ ಹೇಳಿದರಾಯಿತು ಎಂದು ಅವಳು ಬರೀ ಅಕ್ಷರದ ಮೆಸೇಜು ಕಳಿಸುತ್ತಿದ್ದಳು.

ಊರಿಗೆ ಬಂದ ಮೇಲೂ ಹಾಗೇ ಕಳಿಸಿದಳು. "ಕ್ಷಮಿಸಿ. ನನಗೆ ಆರಾಮ ಇರಲಿಲ್ಲ."

ಮರುದಿನ ಅವನ ಉತ್ತರ ಬಂತು. "ಇರಲಿ ಬಿಡ್ರಿ. ನಮ್ಮವ್ವ ಆ ಕಪ್ಪು-ಬಸಿ ಟ್ರಂಕಿನೊಳಗ ಇಟ್ಟಾಳ."

ಅದಾದ ಮೇಲೆ ಏನೂ ಬರಲಿಲ್ಲ.

ಒಂದು ವಾರ... ಎರಡು ವಾರ. ಸಂಜೆ ಮಾಳಿಗೆ ಹತ್ತಿ ಉಮಾಶ್ರೀ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ನಿಧಾನ, ಒಂದೊಂದೇ ಅಕ್ಷರ. ಮಳೆ ಸುದ್ದಿ, ಭತ್ತದ ಧಾರಣೆ, ಶ್ರದ್ಧಾಂಜಲಿ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಫೋನು ಹಿಡಿದು ಅವನ ಹೆಸರು ಹೇಳಿ ಕೇಳುವಳು. ಥ! ಅಳಿಸುವಳು. ಮತ್ತೆ ಹೇಳುವಳು. ಅವನ ಹಳೆಯ ಮೆಸೇಜೊಂದನ್ನು ಕಿವಿಗೆ ಹಚ್ಚಿ ಕೂತರೆ ಕತ್ತಲಾದದ್ದೂ ತಿಳಿಯುತ್ತಿರಲಿಲ್ಲ. "ಟೀಚರ್, ಇವತ್ತು ನಮ್ಮ ಸಾಲಿ ಗಂಟಿ ಕಳುವಾಗ್ಯಾದ್ರಿ. ತಾಟು ಬಡದು ಸಾಲಿ ಬಿಟ್ಟೀವಿ..." ಅವನ ನಗು. ಅದರ ಹಿಂದೆ ದೇವದುರ್ಗದ ಮಕ್ಕಳ ಗದ್ದಲ.

*ಒಂದು ಸಲ ಫೋನ್ ಮಾಡಬಾರದೇ? ಯಾಕೆ ಎಂದು ಒಂದೇ ಒಂದು ಸಲ ಕೇಳಬಾರದೇ?*

ಅಪ್ಪ ಶರಣಯ್ಯ, ಅಕ್ಕಿ ಮಿಲ್ಲಿನ ಮಾಲೀಕ, ವರ್ಷವೆಲ್ಲ ಮುಖ ತಿರುಗಿಸಿಕೊಂಡಿದ್ದು ಕೊನೆಗೊಮ್ಮೆ ಮೆತ್ತಗಾಗಿದ್ದ. "ಆ ಹುಡುಗನ ತಾಯಿ ಒಪ್ಪಿದ್ರ ನಂದೇನಿಲ್ಲ. ಆಕಿ ಒಲ್ಲೆ ಅಂದ್ರ ಮಾತ್ರ ಮತ್ತ ಈ ಸುದ್ದಿ ತೆಗೀಬ್ಯಾಡ." ಈಗ ಎಲ್ಲವೂ ದುರುಗಮ್ಮನ ಒಂದು ಮಾತಿನ ಮೇಲೆ ನಿಂತಿತ್ತು.

ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರ್ ಖುರ್ಷೀದ್ ಬೇಗಂ ಒಂದು ದಿನ ಅವಳನ್ನು ಹಿಡಿದು ಕೂರಿಸಿದರು.

"ಅರೆ ಉಮಾ, ಮುಖ ಯಾಕ ಹಿಂಗಾಗ್ಯಾದ? ಹಲ್ಲು ನೋವು ಕಣ್ಣಾಗ ಕಾಣಂಗಿಲ್ಲ. ಖರೇ ಹೇಳು."

ಉಮಾಶ್ರೀ ಎಲ್ಲ ಹೇಳಿದಳು. ಖುರ್ಷೀದ್ ಬೇಗಂ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಚಹಾ ಬ್ಯಾಡ ಅಂದಿ?"

"ಹೂಂ. ಬಿಥಿ ತಾಗಬಾರದಲ್ರಿ..."

"ಬಾಯಿಗಿ ಸೆರಗು ಹಿಡಕೊಂಡು?"

"ಹೂಂ."

"ಅವರ ಮನ್ಯಾಗ! ನೀ, ಶರಣಯ್ಯನವರ ಮಗಳು!" ಖುರ್ಷೀದ್ ಬೇಗಂ ಅವಳನ್ನೇ ನೋಡಿದರು. "ಉಮಾ, ಆ ತಾಯಿಗಿ ಅದು ಹೆಂಗ ಕಂಡಿರಬೇಕು, ವಿಚಾರ ಮಾಡೀಯೇನು?"

ಅಪ್ಪನ ಮಿಲ್ಲಿನ ಹಿಂಗೋಡೆಯ ಗೂಡು ಉಮಾಶ್ರೀಯ ಕಣ್ಣೆದುರು ಬಂತು. ಅದರೊಳಗೆ ಬೋರಲು ಹಾಕಿದ ನಾಲ್ಕು ಗ್ಲಾಸು. ಕೇರಿಯಿಂದ ಕೆಲಸಕ್ಕೆ ಬರುವವರಿಗೆಂದೇ ಇಟ್ಟವು. ಚಹಾವನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಕುಡಿದವರೇ ತೊಳೆದು ಮತ್ತೆ ಗೂಡಿಗಿಡಬೇಕು. ಸಣ್ಣವಳಿದ್ದಾಗ ಒಮ್ಮೆ ಅದರಲ್ಲಿ ನೀರು ಕುಡಿಯಲು ಹೋಗಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದಿದ್ದಳು.

*ಅಯ್ಯೋ... ನಾನು ಮಾಡಿದ್ದೇನು!*

ಮೂರು ವಾರ ಅವಳು ನಾಲಿಗೆಯ ಚಿಂತೆಯಲ್ಲಿದ್ದಳು. ಮೂರು ವಾರ ಆ ತಾಯಿ ಏನನ್ನು ನುಂಗಿಕೊಂಡು ಕೂತಿದ್ದಳೋ!

ಮಾತು ಸರಿಯಾಗುವವರೆಗೆ ಕಾಯುವ ವಿಚಾರ ಅಲ್ಲಿಗೇ ಬಿತ್ತು. ಹಿಂದಿನ ರಾತ್ರಿಯಷ್ಟೇ ಎರಡನೇ ಜೋಡಿ ಅಲೈನರ್ ಹಾಕಿಕೊಂಡಿದ್ದಳು. ಅಷ್ಟೋ ಇಷ್ಟೋ ದಾರಿಗೆ ಬಂದಿದ್ದ ನಾಲಿಗೆ ಮತ್ತೆ ಎಡವುತ್ತಿತ್ತು. ಎಡವಲಿ! ಶನಿವಾರ ಬೆಳಗಿನ ಶಾಲೆ ಮುಗಿಸಿ ಸೀದಾ ದೇವದುರ್ಗದ ಬಸ್ಸು ಹತ್ತಿದಳು.

ದುರುಗಮ್ಮ ಬಾಗಿಲ ಮುಂದೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಒಮ್ಮೆ ತಲೆ ಎತ್ತಿ ಮತ್ತೆ ತಗ್ಗಿಸಿದಳು.

"ಹುಲಿಗೇಶ ಇನ್ನೂ ಸಾಲಿಯಿಂದ ಬಂದಿಲ್ರಿ."

"ನಿಮ್ಮ ಕಡೀಗೇ ಬಂದೀನ್ರಿ ಅವ್ವಾರ. ಚಹಾ ಕುಡೀಬೇಕಂತ."

ದುರುಗಮ್ಮನ ಕೈ ನಿಂತಿತು.

"ನಮ್ಮನ್ಯಾಗ?"

"ಹೌದ್ರಿ."

"ಹಾಲಿಲ್ಲ."

"ಹಾಲಿಲ್ಲದ್ದೇ ಕೊಡ್ರಿ."

ದುರುಗಮ್ಮ ಬಹಳ ಹೊತ್ತು ಒಳಗಿದ್ದಳು. ತಂದದ್ದು ನೀಲಿ ಹೂವಿನ ಕಪ್ಪಲ್ಲ, ದಿನಾ ತಾನು ಕುಡಿಯುವ ಸ್ಟೀಲ್ ಗ್ಲಾಸು. ಅಂಚು ಒಂದು ಕಡೆ ನೆಗ್ಗಿತ್ತು. ಉಮಾಶ್ರೀಯ ಮುಂದೆ ನೆಲದ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತಳು.

ಉಮಾಶ್ರೀ ಹಿಂದೆ ಸರಿಯಲಿಲ್ಲ. ಬಾಯಿಗೆ ಬೆರಳು ಹಾಕಿದಳು. ದವಡೆಯ ಮೂಲೆಯಿಂದ ಎರಡೂ ಕವಚ ಒಂದೊಂದಾಗಿ ಕಿರ್ರೆಂದು ಕಿತ್ತು ಬಂದವು. ಅವುಗಳ ಜೊತೆಗೆ ಉಗುಳಿನ ಎಳೆಯೂ ಬಂತು. ಅವಳ ಕಿವಿ ಕೆಂಪಾಯಿತು. ಆದರೆ ಈ ಸಲ ಸೆರಗು ಹೆಗಲ ಮೇಲೇ ಇತ್ತು.

"ಯವ್ವಾ! ಏನದು?" ದುರುಗಮ್ಮ ಸರಿದು ಹತ್ತಿರ ಬಂದಳು. "ಹಲ್ಲಿಗೂ ಅಂಗಿ ತೊಡಸ್ತಾರೇನು?"

"ಹಲ್ಲು ನೆಟ್ಟಗ ಮಾಡೋವ್ರಿ. ಆವತ್ತೂ ಇಂಥವೇ ಇದ್ದುವು. ಬಿಸಿ ಕುಡದ್ರ ಕೆಡ್ತಾವ. ನಿಮ್ಮ ಮುಂದ ಹಿಂಗ ತೆಗಿಯಾಕ ನಾಚಿಕಿ ಬಂತು. ಮಾತಾಡಿದ್ರ ತೊದಲ್ತೀನಿ ಅಂತ ಬಾಯಿ ಮುಚ್ಚಿಕೊಂಡೆ."

ದುರುಗಮ್ಮ ಒಂದು ಮೆಣಸಿನಕಾಯಿ ಎತ್ತಿಕೊಂಡು ತಿರುಗಿಸುತ್ತಾ ಕೂತಳು.

"ನಾನೂ ಮಿಲ್ಲಿನ್ಯಾಗ ಹೊಟ್ಟು ಹೊತ್ತಾಕಿ," ಎಂದಳು ಮೆಲ್ಲಗೆ. "ಬೊಗಸಿಯೊಡ್ಡಿ ಚಹಾ ಕುಡದೀನಿ. ಸುಡ್ತಿತ್ತು. ಸುಡ್ತದ ಅಂತ ಅನ್ನಂಗಿದ್ದಿಲ್ಲ. ಮಗ ಮೇಷ್ಟ್ರಾದ, ಇನ್ನ ಅದೆಲ್ಲ ಮುಗೀತು ಅನ್ಕೊಂಡಿದ್ದೆ. ನೀವು ಬ್ಯಾಡ ಅಂದಾಗ... ಮತ್ತ ಅಂಗೈ ಸುಟ್ಟಂಗಾತು."

ಉಮಾಶ್ರೀಯ ಕಣ್ಣು ತುಂಬಿದವು.

"ನಮ್ಮಪ್ಪನ ಮಿಲ್ಲಿನ್ಯಾಗೂ ಬ್ಯಾರೆ ಗ್ಲಾಸ್ ಇದ್ದುವು ಯವ್ವಾ. ನಾ ಕಣ್ಣಾರೆ ನೋಡೀನಿ. ಆದ್ರ ಆವತ್ತು ಇಲ್ಲಿ ಕುಂತಾಗ ನನಗ ಅದು ನೆನಪೇ ಆಗಲಿಲ್ಲ. ನಿಮಗ ಮರಿಯಾಕ ಆಗೋದಿಲ್ಲ, ನಾನು ಮರತು ಕುಂತಿದ್ದೆ. ನನ್ನ ತಪ್ಪು ಅಂದ್ರ ಅದು."

ದುರುಗಮ್ಮ ಗ್ಲಾಸನ್ನು ಅವಳತ್ತ ಸರಿಸಿದಳು.

"ಆರಾಕತ್ತದ. ಕುಡಿ."

ತಗೋರಿ, ಕುಡೀರಿ ಎನ್ನುತ್ತಿದ್ದವಳ ಬಾಯಲ್ಲಿ 'ಕುಡಿ'! ಉಮಾಶ್ರೀ ಕೊನೆಯ ಗುಟುಕಿನವರೆಗೂ ಕುಡಿದಳು. ಕಹಿ ಒಗರಿನ ಚಹಾ. ಅಷ್ಟು ರುಚಿಯಾದದ್ದನ್ನು ಅವಳು ಎಂದೂ ಕುಡಿದಿರಲಿಲ್ಲ.

ಬಾಗಿಲಲ್ಲಿ ಬೈಕಿನ ಸದ್ದು ನಿಂತಿತು. ಹುಲಿಗೇಶ ಖಾಲಿ ಗ್ಲಾಸನ್ನು ನೋಡಿದ, ಉಮಾಶ್ರೀಯನ್ನು ನೋಡಿದ, ಹೊಸ್ತಿಲಲ್ಲೇ ನಿಂತುಬಿಟ್ಟ.

"ಏನು ನಿಂತಿ ಲೇ? ಹೋಗಿ ಹಾಲು ತಾ," ಎಂದಳು ದುರುಗಮ್ಮ. "ಬ್ಯಾಡ, ನಾನೇ ತರತೀನಿ. ಇಕಿ ಕಡಿಂದ ಹಲ್ಲಿನ ಕಥಿ ಕೇಳು." ಚೊಂಬು ಹಿಡಿದು ಹೊರಗೆ ನಡೆದಳು.

ಬಾಯಲ್ಲಿ ಈಗ ಅಲೈನರ್ ಇರಲಿಲ್ಲ. ಮಾತು ಸ್ವಚ್ಛವಾಗಿ ಬರುತ್ತಿತ್ತು. ಆದರೂ ಉಮಾಶ್ರೀ ಬಾಯಿ ಮುಕ್ಕಳಿಸಿ, ಕವಚಗಳನ್ನು ತೊಳೆದು, ಅವನೆದುರೇ ಮತ್ತೆ ಹಾಕಿಕೊಂಡಳು. ಮುಚ್ಚಿಟ್ಟದ್ದನ್ನು ಹಾಗೆಯೇ ತೋರಿಸಬೇಕಿತ್ತು.

"ಹುಲಿಗೇಥ್ ಥರ್..."

ಅವನು ಬೆರಗಾಗಿ ನೋಡಿದ. ಅವಳು ನಿಲ್ಲಿಸಲಿಲ್ಲ. ಎಡವುತ್ತಾ, ತಡವರಿಸುತ್ತಾ ಎಲ್ಲ ಹೇಳಿದಳು.

"ನಿಮ್ಮ ಜೊತಿ ನಿಂತು ಬಾಯಿ ತುಂಬ ನಗಬೇಕು ಅಂತ ಹಾಕಿಥ್ಕೊಂಡೆ. ನಿಮ್ಮ ಹೆಥರೇ ಹೋತು. ಹೆಥರು ಕೆಟ್ಟು ಬಂದ್ರ ನೀವು..."

"ಟೀಚರ್," ಎನ್ನುತ್ತಾ ಅವನು ಹತ್ತಿರ ಬಂದ. "ಎರಡು ವರ್ಷ ನಿಮ್ಮ ದನಿ ಕೇಳೀನಿ. ಯಾಕ್ರಿ ಅಂತ ಒಂದು ಮಾತು ಕೇಳದ ಎಲ್ಲಾ ಮುಗೀತು ಅನ್ಕೊಂಡೆ. ಎಲ್ಲಾರಂಗ ನೀವೂ ಅನ್ಕೊಂಡೆ. ದಿನಾ ಬೆಳಿಗ್ಗಿ ಫೋನ್ ಹಿಡಕೊಂಡು ಕುಂತಿರ್ತಿದ್ದೆ... ನಿಮ್ಮ ಹಳೀವನ್ನೇ ಕೇಳಕೋತ."

"ನಾನೂ."

ಹೊರಗಿನಿಂದ ದುರುಗಮ್ಮನ ದನಿ ಕೇಳಿತು. ಹಾಲಿಗೆ ಹೋದವಳು ಅಂಗಳವನ್ನೇ ದಾಟಿರಲಿಲ್ಲ!

"ಮದಿವಿ ದಿನ ಹೊಸ್ತಿಲದಾಗ ತಡದು ಗಂಡನ ಹೆಸರು ಹೇಳಸ್ತೀನಿ. ಓಣಿ ಮಂದೆಲ್ಲ ನಿಂತಿರ್ತದ. ಅಷ್ಟರಾಗ ನೆಟ್ಟಗ ಕಲಿ, ಹುಡುಗಿ!"

"ಕಲೀಲಿಲ್ಲಂದ್ರ ಯವ್ವಾ?" ಹುಲಿಗೇಶ ಕೂಗಿ ಕೇಳಿದ.

"ಕಲೀಲಿಲ್ಲಂದ್ರ ನಿನ್ನ ಹೆಸರೇ ಬದಲಿ ಮಾಡೂಣು!"

ಉಮಾಶ್ರೀಗೆ ನಗು ತಡೆಯಲಾಗಲಿಲ್ಲ. ರೂಢಿಯಂತೆ ಕೈ ಬಾಯಿಯತ್ತ ಹೋಯಿತು. ಅವನು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ. ಬಿಡಲಿಲ್ಲ.

"ಇನ್ನೊಂದು ಸಲ ಅನ್ರಿ."

"ನೀವು ನಗ್ತೀರಿ."

"ಇಲ್ಲ. ತಿಂಗಳಾಗಾಕ ಬಂತು ಕೇಳಿ... ಅನ್ರಿ."

ಅವಳು ಕಣ್ಣೆತ್ತಿ ಅವನನ್ನೇ ನೋಡಿದಳು.

"ಹುಲಿಗೇಥ್..."

"ಹೂಂ. ಇಲ್ಲೇ ಅದೀನಿ."