ಸುರುಳಿ ನುಂಗಿದ ದನಿ

"ಇದರ ಹತ್ತಿರ ಯಾರ ದನಿಯನ್ನೂ ತರಬೇಡಿ. ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿ."

ಚೀಟಿಯಲ್ಲಿ ಇದ್ದದ್ದು ಇಷ್ಟೇ. ಅದನ್ನು ಓದಿ, ಅಂಗಡಿಗೆ ಸೇರಿದ್ದ ಹೊಸಬಳು ಕಿಸಕ್ಕನೆ ನಕ್ಕಳು. ಗಿಟಾರ್ ತಂದಿದ್ದ ಹೆಂಗಸು ನಗಲಿಲ್ಲ. ಕತ್ತಿಗೆ ಬೂದು ಶಾಲು ಸುತ್ತಿಕೊಂಡು, ತುಟಿ ಬಿಗಿಹಿಡಿದು, ನಗುತ್ತಿದ್ದವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹತ್ತು ಕಡೆ ಹುಡುಕಿದ ಸಾಮಾನು ಕೊನೆಗೂ ಸಿಕ್ಕಿತು ಎನ್ನುವಂಥ ಸಮಾಧಾನವಿತ್ತು.

"ನಿಮಗೆ ಮಾತು ಬರಲ್ವಾ?"

ಹೆಂಗಸು ಇಲ್ಲವೆಂದು ತಲೆಯಾಡಿಸಿ, ಚೀಟಿಯನ್ನು ಬೆರಳಿನಿಂದ ಮತ್ತೊಮ್ಮೆ ಕುಟ್ಟಿ ತೋರಿಸಿದಳು.

"ಆಯ್ತು ಬಿಡಿ, ಓದ್ದೆ. ನಿಮ್ಮ ಗಿಟಾರಿಗೆ ಕಿವಿ ಚುರುಕು ಅಂತ ಕಾಣುತ್ತೆ. ಕಚ್ಚಲ್ಲ ತಾನೇ?"

ಹೆಂಗಸು ಗಿಟಾರನ್ನೂ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟನ್ನೂ ಮೇಜಿನ ಮೇಲಿಟ್ಟು, ಗಂಟಿನಲ್ಲಿರುವುದನ್ನು ಗಿಟಾರಿಗೆ ಕೂರಿಸಬೇಕೆಂದೂ ಸಂಜೆ ಬರುವುದಾಗಿಯೂ ಕೈಸನ್ನೆ ಮಾಡಿ ಮೆಟ್ಟಿಲಿಳಿದು ಹೋದಳು.

ಹೊಸಬಳು ಆ ವಾದ್ಯ ರಿಪೇರಿ ಅಂಗಡಿಗೆ ಸೇರಿ ತಿಂಗಳಾಗಿತ್ತಷ್ಟೆ. ಅದಕ್ಕೆ ಮುಂಚೆ ಎಂಟು ವರ್ಷ ಮಿಕ್ಸಿ, ರೇಡಿಯೋ, ಟೀವಿಗಳ ಹೊಟ್ಟೆ ಬಗೆದವಳು. ಅವಳ ಪ್ರಕಾರ ದೆವ್ವವೆಂದರೆ ಸಡಿಲಗೊಂಡ ಬೆಸುಗೆ, ಇಲ್ಲವೇ ತುಕ್ಕು ಹಿಡಿದ ಸ್ವಿಚ್ಚು. ಅವಳು ನಂಬದೆ ಇದ್ದದ್ದು ಮನುಷ್ಯರನ್ನು. ಗಿರಾಕಿ ಬಂದು 'ನಾವೇನೂ ಮಾಡಿಲ್ಲ, ತಾನಾಗೇ ನಿಂತುಹೋಯ್ತು' ಎಂದರೆ, ಇವರೇ ಎತ್ತಿ ಹಾಕಿದ್ದಾರೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುವಳು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು.

ಅಂಗಡಿಯ ಯಜಮಾನರು ಚೀಟಿಯನ್ನು ಎರಡು ಸಲ ಓದಿದರು. ಮಡಿಚಿ ಅವಳ ಮುಂದೆಯೇ ಇಟ್ಟರು.

"ನೀನೇ ಮಾಡಮ್ಮ ಇದನ್ನ. ನಂಗ್ಯಾಕೋ ಕಣ್ಣು ಸರಿಯಾಗಿ ಕಾಣ್ತಿಲ್ಲ."

"ನಿನ್ನೆ ಕನ್ನಡಕ ಇಲ್ದೇನೇ ಪಿಟೀಲಿಗೆ ತಂತಿ ಏರಿಸಿದ್ರಲ್ಲಣ್ಣ?"

"ನಿನ್ನೆ ಬೇರೆ, ಇವತ್ತು ಬೇರೆ." ಅವರು ಅವಳ ಮುಖ ನೋಡಲಿಲ್ಲ. "ಬಾಯಿ ಮುಚ್ಕೊಂಡು ಮಾಡು ಅಂತ ಬರ್ದಿದಾರಲ್ಲ, ಹಾಗೇ ಮಾಡ್ಬಿಡು. ನಮ್ಮ ಗಂಟೇನು ಹೋಗುತ್ತೆ?"

ಇಷ್ಟು ಹೇಳಿ, ಬೆಸುಗೆಯ ಸೀಸ ತರುತ್ತೇನೆಂದು ಹೊರಟೇಬಿಟ್ಟರು. ಡ್ರಾಯರಿನಲ್ಲಿ ಎರಡು ಉಂಡೆ ಸೀಸ ಇರುವುದು ಇಬ್ಬರಿಗೂ ಗೊತ್ತಿತ್ತು. ಏನೋ ಇದೆ, ಈ ಮುದುಕ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು ಹೊಸಬಳು.

ಗಂಟು ಬಿಚ್ಚಿದಾಗ ಸಿಕ್ಕಿದ್ದು ಒಂದು ಹಮ್‌ಬಕರ್ ಪಿಕಪ್. ಗಿಟಾರಿನ ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಅಯಸ್ಕಾಂತದ ಡಬ್ಬಿಗೆ ಪಿಕಪ್ ಎನ್ನುತ್ತಾರೆ. ಒಂದೇ ಸುರುಳಿಯ ಪಿಕಪ್ಪಾದರೆ ಕೋಣೆಯ ದೀಪದ, ಫ್ಯಾನಿನ ಗುಂಯ್ ಸದ್ದನ್ನೂ ಹಿಡಿದು ತರುತ್ತದೆ. ಹಮ್‌ಬಕರಿಗೆ ಎರಡು ಸುರುಳಿ, ಒಂದಕ್ಕೊಂದು ಉಲ್ಟಾ. ಒಂದು ತಂದ ಗುಂಯ್ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಇದು ಕಾರ್ಖಾನೆಯ ಮಾಲಲ್ಲ, ಯಾರೋ ಕೈಯಲ್ಲೇ ಸುತ್ತಿದ್ದು. ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲೆ ಕಪ್ಪುಗಟ್ಟಿದ ಮೇಣ. ಮೂಸಿ ನೋಡಿದಳು. ಮೇಣದ ವಾಸನೆಯ ಕೆಳಗೆ ಬೇರೊಂದು ವಾಸನೆ ಇತ್ತು. ಬಹಳ ಹೊತ್ತು ಮುಚ್ಚಿಕೊಂಡಿದ್ದ ಬಾಯಿ ತೆರೆದಾಗ ಬರುವಂಥದ್ದು. ಅವಳು ಮುಖ ಸಿಂಡರಿಸಿ ದೂರ ಹಿಡಿದಳು.

ಮೀಟರ್ ಹಚ್ಚಿ ನೋಡಿದಳು. ಎರಡನೆಯ ಸುರುಳಿಯ ಅಂಕಿ ಅಲುಗದೆ ನಿಂತಿತು. ಮೊದಲನೆಯದರ ಅಂಕಿ ಮಾತ್ರ ನಿಧಾನವಾಗಿ ಏರಿತು, ಇಳಿಯಿತು, ಮತ್ತೆ ಏರಿತು. ಮಲಗಿದವರ ಎದೆ ಏರಿಳಿಯುವ ಹಾಗೆ. ಮೀಟರಿನ ಬ್ಯಾಟರಿ ಬದಲಿಸಿದಳು. ಕಡ್ಡಿಗಳನ್ನು ಒರೆಸಿದಳು. ಅಂಕಿ ಅದೇ ಲಯದಲ್ಲಿ ಉಸಿರಾಡುತ್ತಲೇ ಇತ್ತು. ಒಳಗೆಲ್ಲೋ ತಂತಿ ಸಡಿಲವಾಗಿರಬೇಕು, ಮುಚ್ಚಿಟ್ಟು ನನ್ನ ತಲೆಗೆ ಕಟ್ಟಲು ನೋಡಿದ್ದಾಳೆ ಶಾಲಿನವಳು ಎಂದುಕೊಂಡಳು.

ಕೆಲಸವೇನೋ ಸಲೀಸಾಗಿ ಆಯಿತು. ಹಳೆಯ ಪಿಕಪ್ಪಿನ ಬೆಸುಗೆ ಕರಗಿಸಿ ಬಿಡಿಸಿದಳು. ಹೊಸದರ ನಾಲ್ಕು ಬಣ್ಣದ ತಂತಿಗಳಲ್ಲಿ ಎರಡನ್ನು ಒಂದಕ್ಕೊಂದು ಹೆಣೆದು ಟೇಪು ಸುತ್ತಿದಳು. ಒಂದನ್ನು ದನಿ ಏರಿಸಿ ಇಳಿಸುವ ತಿರುಪಿನ ಕಾಲಿಗೆ ಹಚ್ಚಿದಳು. ಉಳಿದದ್ದನ್ನು ಹೊದಿಕೆಯಿಲ್ಲದ ಬರಿಯ ತಂತಿಯ ಜೊತೆ ಅದೇ ತಿರುಪಿನ ಬೆನ್ನಿಗೆ ಬೆಸೆದಳು. ಬೆಸುಗೆಯ ರಾಳದ ಹೊಗೆ ಸುರುಳಿಯಾಗಿ ಎದ್ದು ಅವಳ ಬಾಯಿಯ ಕಡೆಗೇ ಬಂತು. ಫ್ಯಾನು ತಿರುಗುತ್ತಿದ್ದದ್ದು ಆ ಕಡೆಗಲ್ಲ. ಅದನ್ನು ಅವಳು ಗಮನಿಸಿದಳು, ಗಮನಿಸಲಿಲ್ಲ ಎಂದುಕೊಂಡಳು.

ಇನ್ನು ಪರೀಕ್ಷೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಕೇಬಲ್ ಸಿಕ್ಕಿಸಿದಳು. ತಂತಿ ಏರಿಸುವ ಮೊದಲು ಪಿಕಪ್ಪನ್ನು ಪರೀಕ್ಷಿಸಲು ಈ ಕೆಲಸದವರಿಗೆಲ್ಲ ಗೊತ್ತಿರುವ ಒಂದು ಸುಲಭದ ಉಪಾಯವಿದೆ. ಫೋನಿನಲ್ಲಿ ಏನಾದರೂ ಹಚ್ಚಿ, ಫೋನಿನ ಸ್ಪೀಕರನ್ನು ಸುರುಳಿಯ ಮೇಲೆ ಹಿಡಿದರೆ ಸಾಕು. ಅಯಸ್ಕಾಂತ ಅದನ್ನು ಸೆಳೆದು ಆಂಪ್ಲಿಫೈಯರಿನಲ್ಲಿ ನುಡಿಸುತ್ತದೆ. ಚೀಟಿ ಕಣ್ಣೆದುರಿಗೇ ಇತ್ತು. ಅವಳು ಅದರ ಮೇಲೆ ಟೀ ಲೋಟ ಇಟ್ಟು, ಬೆಳಿಗ್ಗೆ ಮಗಳು ಕಳಿಸಿದ್ದ ಮಾತಿನ ತುಣುಕನ್ನು ಹಚ್ಚಿದಳು.

ಐದು ವರ್ಷದ ಆ ಮಗಳು ನಾಲ್ಕು ತುಂಬುವವರೆಗೆ ಒಂದಕ್ಷರ ಆಡಿರಲಿಲ್ಲ. ಹೊಸಬಳು ಹತ್ತದ ಆಸ್ಪತ್ರೆಯ ಮೆಟ್ಟಿಲಿರಲಿಲ್ಲ. ಒಂದು ಬೆಳಿಗ್ಗೆ ಮಗು ಹಾಲಿನ ಲೋಟ ತಳ್ಳಿ 'ಬಿಸಿ' ಎಂದಿತು. ಅವತ್ತು ಶುರುವಾದ ಮಾತು ನಿದ್ದೆಯಲ್ಲೂ ನಿಂತಿಲ್ಲ. ಆ ವಟವಟಕ್ಕೇ ಮನೆಯಲ್ಲಿ ಅವಳನ್ನು ಕಪ್ಪೆಮರಿ ಎನ್ನುತ್ತಿದ್ದರು. ಹಗಲೆಲ್ಲ ಅಜ್ಜಿಯ ಬಳಿ ಇದ್ದು, ಅಜ್ಜಿಯ ಫೋನಿನಿಂದ ಅಮ್ಮನಿಗೆ ಮಾತು ಕಳಿಸುತ್ತಿದ್ದಳು. ಆ ದನಿ ಒಂದಿದ್ದರೆ ಹೊಸಬಳಿಗೆ ಲೋಕದಲ್ಲಿ ಇನ್ನೇನೂ ಬೇಕಿರಲಿಲ್ಲ.

"ಅಮ್ಮಾ, ಬರೋವಾಗ ಬಣ್ಣದ ಪೆನ್ಸಿಲ್ ತಾ. ಕೆಂಪು ಮುಗ್ದೋಯ್ತು. ಅಮ್ಮಾ, ಕೇಳಿಸ್ತಾ?"

ಆಂಪ್ಲಿಫೈಯರು ಅದನ್ನು ಸ್ಫಟಿಕದಷ್ಟು ಸ್ಪಷ್ಟವಾಗಿ ನುಡಿಯಿತು. ಹೊಸಬಳ ಮುಖ ಅರಳಿತು. ಇನ್ನೊಮ್ಮೆ ಹಚ್ಚಿದಳು. ಸದ್ದಿಲ್ಲ. ಫೋನನ್ನು ಕಿವಿಗೆ ಹಿಡಿದಳು. ತುಣುಕು ಓಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ನಿನ್ನೆಯದನ್ನು ಹಚ್ಚಿದಳು. ಅದೂ ಖಾಲಿ. ಮೊನ್ನೆಯದೂ.

ಆಗ ಆಂಪ್ಲಿಫೈಯರು ತಾನಾಗಿ ಮಾತಾಡಿತು.

"ಅಮ್ಮಾ, ಇಲ್ಲಿ ಕತ್ತಲೆ."

ಫೋನು ಅವಳ ಕೈಯಲ್ಲಿ ಎದೆಯ ಹತ್ತಿರ ಇತ್ತು. ಗಿಟಾರು ಮೇಜಿನ ಮೇಲಿತ್ತು. ಅವಳು ಕೇಬಲ್ಲನ್ನು ಕಿತ್ತೆಸೆದಳು. ಯಾರ ಕುಚೋದ್ಯ ಇದು? ಆಂಪ್ಲಿಫೈಯರನ್ನು ತಿರುಗಿಸಿ ಹಿಂದೆ ನೋಡಿದಳು. ಮೇಜಿನಡಿ ನೋಡಿದಳು. ಯಜಮಾನರು ಎಲ್ಲಾದರೂ ಮೈಕು ಅಡಗಿಸಿಟ್ಟಿದ್ದಾರೆಯೇ? ಬಾಗಿಲಿಗೆ ಓಡಿದಳು. ಯಜಮಾನರು ಎಲ್ಲಿಗೂ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದರು.

"ಏನ್ ಮಾಡಿದೀರಣ್ಣ ನೀವು? ನನ್ ಮಗಳ ದನಿ ಹ್ಯಾಗೆ ಬಂತು ಅದ್ರಲ್ಲಿ?"

ಅವರ ಮುಖ ಬಿಳಿಚಿಕೊಂಡಿತು. "ಮಗಳದ್ದಾ? ಅಯ್ಯೋ, ಮಗಳದ್ದು ಹಾಕಿದ್ಯಾ?"

ಅಷ್ಟರಲ್ಲಿ ಫೋನು ಕಿರುಚಿತು. ಅವಳ ತಾಯಿ.

"ಲೇ, ಬೇಗ ಬಾರೇ. ಮಗು ಬಾಯಿ ಆಡಿಸ್ತಾ ಇದೆ, ದನೀನೇ ಬರ್ತಿಲ್ಲ. ಅಳ್ತಾ ಇದೆ ಕಣೇ, ಅಳೋದೂ ಕೇಳಿಸ್ತಿಲ್ಲ!"

ಹೊಸಬಳು ಮನೆಗೆ ಓಡಲು ಮೆಟ್ಟಿಲ ಕಡೆ ಕಾಲಿಟ್ಟಳು. ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರುತ್ತ ಗುನುಗುತ್ತಿದ್ದರು. ಶಾಲಿನ ಹೆಂಗಸು. ಶಾಲು ಕತ್ತಿನಿಂದ ಜಾರಿ ಹೆಗಲ ಮೇಲಿತ್ತು. ಕೈ ಗಂಟಲ ಮೇಲಿತ್ತು. ಕಣ್ಣು ಒದ್ದೆಯಾಗಿತ್ತು.

"ಮೂರು ವರ್ಷ ಆಗಿತ್ತು," ಎಂದಳು ಅವಳು. ತನ್ನ ದನಿ ಕೇಳಿ ತಾನೇ ನಡುಗಿದಳು. "ಕ್ಷಮಿಸಿ ಅನ್ನೋಕೂ ಆಗ್ತಿರಲಿಲ್ಲ ನಂಗೆ. ಕ್ಷಮಿಸಿ."

"ಏನಿದೆ ಅದ್ರಲ್ಲಿ? ಬೊಗಳು!"

"ನನ್ನ ತಂಗಿ ಸುತ್ತಿದ್ದು. ಅವಳು ಕಟ್ಟಿದ ಹಾಡನ್ನ ನಂದು ಅಂತ ಹಾಡಿದ್ದೆ. ಒಂದೊಂದು ಸುತ್ತಿಗೂ ನನ್ನ ಹೆಸರು ಹೇಳಿ ಮಾಟ ಮಾಡಿದ್ಳು. ನನ್ನ ದನಿ ಅದ್ರೊಳಗೆ ಸೇರ್ಕೊಂಡ್ಬಿಡ್ತು. ಒಳಗೆ ಹೋದ ದನಿ ಹೊರಗೆ ಬರ್ಬೇಕಾದ್ರೆ ಇನ್ನೊಂದು ಒಳಗೆ ಹೋಗ್ಬೇಕು. ಸುಮ್ಮನೆ ಹೋಗಲ್ಲ. ಎಚ್ಚರಿಕೆ ಕೊಡ್ಬೇಕು, ಅದನ್ನ ಮೀರೋ ಕೈ ಬೇಕು. ನಾಲ್ಕು ಅಂಗಡಿ ಅಲೆದೆ. ಎಲ್ಲರೂ ಚೀಟಿ ಓದಿ ಬಾಯಿ ಮುಚ್ಕೊಂಡೇ ಕೆಲಸ ಮಾಡಿಕೊಟ್ರು." ಅವಳು ತಲೆ ತಗ್ಗಿಸಿದಳು. "ನೀವು ನಕ್ಕಿದ್ರಿ."

ಹೊಸಬಳು ಯಜಮಾನರ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ಏನೋ ಸರಿಯಿಲ್ಲ ಅಂತ ಅನ್ನಿಸ್ತಮ್ಮ. ಅಷ್ಟೇ. ನಂಗ್ಯಾಕೆ ಅಂತ ನಿಂಗೆ ಕೊಟ್ಟೆ." ಅವರು ಬಿಕ್ಕಳಿಸುವ ಹಾಗೆ ಹೇಳಿದರು.

ಬೈಯಲು ಸಮಯವಿರಲಿಲ್ಲ. ಅವಳು ಮೇಜಿಗೆ ಓಡಿದಳು, ಇಬ್ಬರೂ ಅವಳ ಹಿಂದೆಯೇ ಒಳಗೆ ಬಂದರು. ಸುರುಳಿಗೆ ಮೀಟರ್ ಹಚ್ಚಿದಳು. ಅಂಕಿ ಈಗ ಚುರುಕಾಗಿ ಏರಿಳಿಯುತ್ತಿತ್ತು, ಪುಟ್ಟ ಎದೆಯ ಅವಸರದ ಉಸಿರು. ನೋಡುತ್ತಿದ್ದಂತೆ ಅದು ಕುಗ್ಗತೊಡಗಿತು. ತಂತಿ ಕತ್ತರಿಸಲು ಕತ್ತರಿ ಎತ್ತಿದಳು.

"ಕತ್ತರಿಸಬೇಡಿ!" ಹೆಂಗಸು ಚೀರಿದಳು. "ತುಂಡಾದ್ರೆ ಒಳಗಿರೋದು ಅಲ್ಲೇ ಸತ್ತುಹೋಗುತ್ತೆ."

ಇವಳನ್ನು ನಂಬುವುದು ಹೇಗೆ? ನಂಬದೆ ಇರುವುದು ಹೇಗೆ? ಕತ್ತರಿ ಕೈಯಿಂದ ಬಿತ್ತು.

"ಸುರುಳಿ ಒಳಗೆ ಮಗು ದನಿ ಪಳಗಿಬಿಟ್ರೆ ಆಮೇಲೆ ನನ್ನ ದನಿ ಹಾಗೇ, ಸುಲಭಕ್ಕೆ ಬಿಡಲ್ಲ. ಬೇಗ ಬೇರೆ ಯಾರದಾದ್ರೂ ಕೊಡಿ. ಫೋನಲ್ಲಿ ಯಾರ ದನೀನೂ ಇಲ್ವಾ?"

ಇತ್ತು. ಯಜಮಾನರದ್ದು. 'ನಾಳೆ ಹತ್ತಕ್ಕೇ ಬಾಮ್ಮ' ಎಂದು ಕಳಿಸಿದ್ದ ತುಣುಕು. ಅವಳ ಬೆರಳು ಅದರ ಮೇಲೆ ನಿಂತಿತು. ಯಜಮಾನರು ಪರದೆಯ ಮೇಲೆ ತಮ್ಮ ಹೆಸರು ಕಂಡರು. ಬೇಡ ಎನ್ನಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತರು. ಒತ್ತಿಬಿಡು ಎಂದಿತು ಅವಳ ಮನಸ್ಸು. ಈ ಮುದುಕನಿಂದಲೇ ಅಲ್ಲವೇ? ಒತ್ತು. ಅವಳು ತಲೆಯೆತ್ತಿದಳು. ಎದುರಿಗೆ ಶಾಲಿನ ಹೆಂಗಸು ಆಸೆಯಿಂದ ಬಾಗಿ ನೋಡುತ್ತಿದ್ದಳು. ತಾನು ಮಾಡಿದ್ದನ್ನು ಇನ್ನೊಬ್ಬಳೂ ಮಾಡಿದರೆ ಪಾಪ ಹಂಚಿಹೋಗುತ್ತದೆ ಎನ್ನುವ ಆಸೆ. ಹೊಸಬಳಿಗೆ ಹೇಸಿಗೆಯಾಯಿತು. ಅಂಥ ಮುಖ ಹೊತ್ತು ಮಗಳ ಮುಂದೆ ನಿಲ್ಲಲಾರೆ ಎಂದುಕೊಂಡಳು.

ಅಂಕಿ ಇನ್ನೂ ಕುಗ್ಗಿತು. ಅವಳು ರೆಕಾರ್ಡ್ ಗುಂಡಿ ಒತ್ತಿ ಫೋನನ್ನು ತನ್ನ ಬಾಯಿಗೆ ಹಿಡಿದಳು.

"ಕಪ್ಪೆಮರೀ, ಅಮ್ಮ ಕಣೇ. ಹೆದರ್ಕೋಬೇಡ. ಊಟ ಮಾಡು, ಅಜ್ಜೀನ ಗೋಳು ಹುಯ್ಕೋಬೇಡ. ನಿನ್ ಮಾತು ಅಂದ್ರೆ ಅಮ್ಮಂಗೆ ಪ್ರಾಣ. ಎಷ್ಟು ಬೇಕಾದ್ರೂ ಮಾತಾಡು. ಅಮ್ಮ ಸುಮ್ನಿದ್ರೂ ಕೇಳಿಸ್ಕೋತಾ ಇರ್ತೀನಿ."

ಇದು ಮಗಳಿಗೆ ಎಂದೂ ತಲುಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೇಬಲ್ ಸಿಕ್ಕಿಸಿದಳು. ಫೋನನ್ನು ಸುರುಳಿಯ ಮೇಲೆ ಇಟ್ಟಳು. ಕಣ್ಣು ಮುಚ್ಚಿದಳು. ಒತ್ತಿದಳು.

ಕೋಣೆ ತುಂಬ ಅವಳದೇ ದನಿ. ಗಂಟಲಲ್ಲಿ ಏನೋ ಎಳೆದ ಹಾಗಾಯಿತು. ತೆಳುವಾದ ತಂತಿ. ಸುತ್ತು ಸುತ್ತಾಗಿ ಬಿಚ್ಚುತ್ತಿತ್ತು. ನಾಲಿಗೆಯ ಮೇಲೆ ತಾಮ್ರದ ರುಚಿ. ಮೂಗಿನಲ್ಲಿ ಮೇಣದ ವಾಸನೆ. ಉಸಿರು ಕಟ್ಟಿತು. ಎಳೆಯಿತು. ಇನ್ನೂ ಎಳೆಯಿತು. ತುದಿ ಕಳಚಿತು.

ಆಮೇಲೆ ಫೋನು ಗುಂಯ್‌ಗುಟ್ಟಿತು. ಅವಳು ಎತ್ತಿ ಕಿವಿಗೆ ಹಿಡಿದಳು.

"ಬಂತು ಕಣೇ, ಬಂತು!" ತಾಯಿ ಅಳುತ್ತಿದ್ದಳು. ಹಿಂದೆ ಕಪ್ಪೆಮರಿಯ ಗಟ್ಟಿ ಅಳು ಕೇಳಿಸುತ್ತಿತ್ತು. "ಹಲೋ? ಕೇಳಿಸ್ತಿದ್ಯಾ? ಯಾಕೆ ಮಾತಾಡ್ತಿಲ್ಲ ನೀನು?"

ಹೊಸಬಳು ಮನೆ ಮುಟ್ಟಿದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಮಗು ಬಾಗಿಲಿನಿಂದಲೇ ಹಾರಿ ಕಾಲಿಗೆ ಸುತ್ತಿಕೊಂಡಿತು.

"ಅಮ್ಮಾ, ನನ್ ಮಾತು ಕಳ್ದೋಗಿತ್ತು! ಆಮೇಲೆ ಸಿಕ್ತು! ಅಜ್ಜಿ ಎಷ್ಟ್ ಅತ್ತಿದ್ಳು ಗೊತ್ತಾ? ಅಮ್ಮಾ?"

ಅವಳು ಬಾಯಿ ತೆರೆದಳು. ಬರಿ ಗಾಳಿ ಬಂತು. ಮೊಣಕಾಲೂರಿ ಕೂತು ಮಗಳನ್ನು ತಬ್ಬಿಕೊಂಡಳು. ಬರೆದು ತೋರಿಸೋಣವೆಂದರೆ ಮಗುವಿಗೆ ಇನ್ನೂ ಓದಲು ಬಾರದು. ಕಣ್ಣೀರು ಧಾರಾಕಾರವಾಗಿ ಇಳಿಯಿತು. ಮಗು ಅದನ್ನು ಅಂಗೈಯಿಂದ ಒರೆಸಿ, ಅಮ್ಮನ ತುಟಿಯನ್ನೇ ನೋಡುತ್ತ ಕಾಯಿತು.

"ಅಮ್ಮಾ, ಕೋಪಾನಾ? ನಾನ್ ಜಾಸ್ತಿ ಮಾತಾಡಿದ್ದಕ್ಕಾ?"

ಅವಳು ಜೋರಾಗಿ ತಲೆಯಾಡಿಸಿದಳು, ಇಲ್ಲ, ಇಲ್ಲ ಎಂದು. ಅಳು ಉಕ್ಕಿ ಮುಖ ಸೊಟ್ಟಗಾಯಿತು. ಮಗು ಆ ಮುಖ ಕಂಡು ಹೆದರಿ ಹಿಂದೆ ಸರಿಯಿತು.

"ಆಯ್ತಮ್ಮ, ಅಳ್ಬೇಡ. ನೀನ್ ಮಾತಾಡೋ ತನಕ ನಾನೂ ಮಾತಾಡಲ್ಲ."

ಹಾಗೆಂದು ಎರಡೂ ಅಂಗೈಯನ್ನು ಬಾಯಿಯ ಮೇಲೆ ಒತ್ತಿಕೊಂಡು, ಗೋಡೆಗೊರಗಿ ಕೂತು, ಅಮ್ಮ ಮಾತಾಡುವುದನ್ನೇ ಕಾಯತೊಡಗಿತು.